ಅಕ್ಕ ಉಪ್ಪು ಬಿಟ್ಟ ಶ್ರಾವಣ

ಆ ದಿನ ನಮ್ಮಿಬ್ಬರ ಕೈಗಳೂ ಸ್ವಚ್ಛವಾದವು. ಕೊಪ್ಪರಿಗೆಯ ಕೆಳಗಿನ ಬೆಂಕಿ ಆರಿಸಿ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ಗಳದ ಮೇಲೆ ಹರವಿ, ಚಪ್ಪರದ ಹಿಂದಿನ ಕಲ್ಲಿನ ಮೇಲೆ ಕುಳಿತು ಹುಣಸೆಹುಳಿ ಹಚ್ಚಿ ಉಜ್ಜಿಕೊಂಡೆವು. ಅದು ದಿನದ ರೂಢಿ. ಮೆರೂನು ಬಣ್ಣ ಎಲ್ಲಕ್ಕಿಂತ ಹಟಮಾರಿ. ಉಗುರಿನ ಸಂದಿಯಲ್ಲಿ, ಅಂಗೈ ಗೆರೆಗಳಲ್ಲಿ ಕುಳಿತರೆ ಬೇಗ ಏಳುವುದಿಲ್ಲ. ಅಕ್ಕ ತನ್ನ ಅಂಗೈಯನ್ನು ನನ್ನ ಅಂಗೈ ಪಕ್ಕ ಹಿಡಿದು ಯಾರದು ಹೆಚ್ಚು ಹಸನಾಗಿದೆ ಎಂದು ನೋಡುತ್ತಿದ್ದಳು. ಸೋತವರು ಚಹಾ ಮಾಡಬೇಕು.

"ನಿಂದು ಇನ್ನಾ ಕೆಂಪೈತಿ ಸರೂ. ಹೋಗು, ಒಲಿ ಹಚ್ಚು."

"ನಿಂದೂ ಉಗುರಿನಾಗ ಐತಲ್ಲಕ್ಕ."

"ಅದು ಬಣ್ಣಲ್ಲ, ವಯಸ್ಸು."

ಒಲೆ ಹಚ್ಚಿದ್ದು ನಾನೇ. ಚಹಾ ಕುಡಿಯುತ್ತ ಅವಳು ನಾಳೆಗೆ ಹಸಿರು ಹಾಕೋಣ ಅಂದಳು. ಅಷ್ಟೇ ಆ ದಿನ. ಅದರಾಚೆಗೆ ನಮ್ಮ ಮನೆಯಲ್ಲಿ ಯಾರೂ ಯಾರ ಕೈಯನ್ನೂ ಹಾಗೆ ಸುಮ್ಮನೆ ನೋಡಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನೆಗೆಣ್ಣಿ. ಹೆಸರು ಮಾಣಿಕಮ್ಮ, ಗದ್ವಾಲದವಳು. ನಾನು ಕೆ.ಟಿ. ದೊಡ್ಡಿಯ ಕಡೆಯವಳು, ಹತ್ತನೆಯ ತರಗತಿ ಮುಗಿಸಿ ನಾರಾಯಣಪೇಟೆಯ ಈ ಮನೆಗೆ ಬಂದೆ. ಅಣ್ಣತಮ್ಮಂದಿರು ಮಗ್ಗದ ಮೇಲೆ, ಸೊಸೆಯಂದಿರು ಬಣ್ಣದ ಚಪ್ಪರದಲ್ಲಿ, ಅತ್ತೆ ಅಡಿಗೆಮನೆಯಲ್ಲಿ. ಬಣ್ಣದ ಕೆಲಸ ನನಗೆ ಕಲಿಸಿದ್ದು ಅಕ್ಕನೇ. ಹತ್ತಿಯ ನೂಲಿಗೆ ಬಣ್ಣ ಹತ್ತಬೇಕಾದರೆ ಕೊಪ್ಪರಿಗೆಗೆ ಉಪ್ಪು ಬೀಳಬೇಕು. ಉಪ್ಪಿಲ್ಲದಿದ್ದರೆ ಬಣ್ಣ ನೀರಿನಲ್ಲೇ ಉಳಿಯುತ್ತದೆ, ನೂಲಿನ ಒಳಗೆ ಹೋಗುವುದಿಲ್ಲ. ಒಮ್ಮೆಗೇ ಸುರಿದರೆ ಬಣ್ಣ ಕಲೆಕಲೆಯಾಗಿ ಹತ್ತುತ್ತದೆ. "ಸೊಸಿ ಮನಿಗೆ ಬಂದಂಗ ಬರಬೇಕು ಉಪ್ಪು, ಸಾವಕಾಶ" ಎನ್ನುತ್ತಿದ್ದಳು. ಅದಕ್ಕಾಗಿ ಚಪ್ಪರದ ಮೂಲೆಯಲ್ಲಿ ಯಾವಾಗಲೂ ಕಲ್ಲುಪ್ಪಿನ ಒಂದು ಚೀಲ ಇರುತ್ತಿತ್ತು. ಈಗಲೂ ಇದೆ. ಬಿಸಿನೀರಿಗೆ ಉಪ್ಪು ಬಿದ್ದಾಗ ಏಳುವ ಆವಿ ಮುಖಕ್ಕೆ ಬಡಿದರೆ ನನಗೆ ಆ ವರ್ಷ ನೆನಪಿಗೆ ಬರುತ್ತದೆ, ತೆಲಂಗಾಣ ಬೇರೆ ರಾಜ್ಯವಾದ ವರ್ಷ.

ಚಳಿ ಮುಗಿದು ಬಿಸಿಲು ಏರುತ್ತಿತ್ತು. ಚೌಕದ ಚಹಾದಂಗಡಿಯಲ್ಲಿ ರಾಜ್ಯ ಬರುತ್ತದೆಯೋ ಇಲ್ಲವೋ ಎಂದು ದಿನವೂ ಜಗಳ. ಒಂದು ಸಂಜೆ ಅದೇ ಕಲ್ಲಿನ ಮೇಲೆ ಕುಳಿತು ಕೈ ಉಜ್ಜಿಕೊಂಡಾಗ ನನ್ನ ಬಣ್ಣ ಹೋಯಿತು, ಅಕ್ಕನದು ಹೋಗಲಿಲ್ಲ. ಅಂಗೈ ಗೆರೆಗಳಲ್ಲಿ ಕಂದು ಕಪ್ಪು ನಿಂತಿತ್ತು. ಗೆಣ್ಣುಗಳ ಮೇಲೂ. ಅವಳು ಮತ್ತೆ ಹುಳಿ ಹಚ್ಚಿದಳು, ಕಲ್ಲಿಗೆ ಉಜ್ಜಿದಳು. ಚರ್ಮ ಕೆಂಪಾಯಿತು, ಕಪ್ಪು ಹಾಗೇ ಇತ್ತು.

"ಈ ಸಲದ ಬಣ್ಣ ಖರಾಬೈತಿ" ಅಂದಳು. "ಅಂಗಡ್ಯಾವಗ ಬೈದು ಕೇಳಬೇಕು."

ಬಣ್ಣದವರ ಕೈ ಕಪ್ಪಾಗಿದ್ದರೆ ನಮ್ಮೂರಲ್ಲಿ ಯಾರು ಏನು ಕೇಳುತ್ತಾರೆ? ಬಡಗಿಯ ಕೈಗೆ ಗಾಯ ಇದ್ದ ಹಾಗೆ ಅದು. ಅಂಗಡಿಯವನನ್ನು ಬೈದಿದ್ದೂ ಆಯಿತು, ಬೇರೆ ಡಬ್ಬಿ ತಂದಿದ್ದೂ ಆಯಿತು. ಕಪ್ಪು ಮೊಣಕೈಗೆ ಏರಿತು, ಕತ್ತಿಗೆ ಏರಿತು, ಮುಖಕ್ಕೆ ಬಂತು. ಕೊಪ್ಪರಿಗೆಯ ಆವಿ ಬಡಿದು ಹಾಗಾಗಿದೆ ಎಂದರು ಅತ್ತೆ. ಬೇಸಿಗೆಯ ಬಿಸಿಲು ಎಂದರು ಭಾವ, ಅಕ್ಕನ ಗಂಡ. ಪಕ್ಕದ ಮನೆಯ ಬಾಲಮಣಿ ತೆಲುಗಿನವಳು, ಮನಸ್ಸಿನಲ್ಲಿದ್ದದ್ದು ಬಾಯಲ್ಲಿ. ಗೋಡೆಯ ಆಚೆಯಿಂದಲೇ ಕೂಗಿದಳು:

"ಏಂದಮ್ಮಾ ಮಾಣಿಕಮ್ಮಾ, ಗಿಂತ ನಲ್ಲಗೈನವ್?"

ಇಷ್ಟು ಕಪ್ಪಗಾದೆಯಲ್ಲ ಎಂದು. ಅಕ್ಕ ಬಿಡುವವಳಲ್ಲ. "ನಿನ್ನ ಸೀರಿಗೆ ಹಾಕಿ ಮಿಕ್ಕಿದ್ದು ನಾ ಹಚ್ಚಿಕೊಂಡೀನಿ ಬಾಲಮಣಿ, ಚೆಲ್ಲಾಕ ಮನಸ್ಸು ಬರಲಿಲ್ಲ" ಅಂದಳು. ಇಬ್ಬರೂ ನಕ್ಕರು. ನಕ್ಕ ಮೇಲೆ ಅಕ್ಕ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಗ ಅವಳಿಗೆ ಕುಳಿತು ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕುಪ್ಪಸಗಳು ಸಡಿಲಾಗಿದ್ದವು. ಬೆಳಿಗ್ಗೆ ವಾಂತಿ ಬಂದ ಹಾಗಾಗುತ್ತಿತ್ತು. ಬಾಲಮಣಿ ಅದಕ್ಕೆ ಬೇರೆ ಅರ್ಥ ಮಾಡಿಕೊಂಡು ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು, ಅತ್ತೆ ಒಂದು ವಾರ ಸಂತೋಷದಲ್ಲಿದ್ದರು.

ಉಪ್ಪಿನ ವಿಷಯ ಮೊದಲು ಕಂಡಿದ್ದು ಊಟದಲ್ಲಿ. ಮಜ್ಜಿಗೆಗೆ ಉಪ್ಪು, ರೊಟ್ಟಿಯ ಮೇಲೆ ಉಪ್ಪು, ಉಪ್ಪಿನಕಾಯಿಯ ರಸವನ್ನು ಬಟ್ಟಲಿನಿಂದಲೇ ಕುಡಿಯುವುದು. ಅತ್ತೆ ಬೈದರು. "ಉಪ್ಪು ತಿಂದು ತಿಂದು ರಕ್ತ ಕೆಟ್ಟೈತಿ, ಅದಕ್ಕ ಮೈ ಕಪ್ಪಾಗೈತಿ" ಎಂದು ಉಪ್ಪಿನ ಭರಣಿಯನ್ನು ಮೇಲಿನ ಹಲಗೆಗೆ ಏರಿಸಿದರು. ಅತ್ತೆ ಕೆಟ್ಟವರಲ್ಲ. ಬಿ.ಪಿ. ಬಂದವರು ಉಪ್ಪು ಬಿಟ್ಟು ಬದುಕಿದ್ದನ್ನು ಓಣಿಯಲ್ಲಿ ನೋಡಿದವರು. ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಚಪ್ಪರಕ್ಕೆ ಹೋದಾಗ ಅಕ್ಕ ಮೂಲೆಯಲ್ಲಿ ಬೆನ್ನು ಮಾಡಿ ಕುಳಿತಿದ್ದಳು. ಚೀಲದ ಬಾಯಿ ಬಿಚ್ಚಿತ್ತು. ಕಲ್ಲುಪ್ಪಿನ ಹರಳುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡು ಕಲ್ಲುಸಕ್ಕರೆಯ ಹಾಗೆ ಚೀಪುತ್ತಿದ್ದಳು.

"ಅಕ್ಕ, ನಮ್ಮೂರ ಕುರಿ ನೆಕ್ಕಿದಂಗ ನೆಕ್ಕಾಕತ್ತೀಯಲ್ಲ!"

ಅವಳು ನಗಲಿಲ್ಲ. "ಅತ್ತಿಗೆ ಹೇಳಬ್ಯಾಡ ಸರೂ" ಅಂದಳು. "ಇದು ಬಾಯಾಗ ಇದ್ದರ ಜೀವ ಇದ್ದಂಗ ಅನ್ನಿಸತೈತಿ. ಎಷ್ಟು ತಿಂದರೂ ಎಲ್ಲಿ ಹೋಗತೈತೋ ತಿಳೀವಲ್ದು."

ಭಾವ ಅವಳನ್ನು ಮಕ್ತಲಿನ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಿಶ್ಶಕ್ತಿ ಎಂದರು, ಸಲೈನು ಏರಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಎದ್ದು ಕುಳಿತು ಹಾಡು ಗುನುಗಿದಳಂತೆ. ಎರಡು ದಿನ ಚಪ್ಪರದಲ್ಲಿ ಅವಳ ಕೈ ನಿಲ್ಲಲಿಲ್ಲ. ಆಮೇಲೆ ಮತ್ತೆ ಅದೇ. ಮತ್ತೆ ಮಕ್ತಲು, ಮತ್ತೆ ಸಲೈನು, ಮತ್ತೆ ಎರಡು ದಿನದ ಬೆಳಕು. ಬಾಟಲಿಯಲ್ಲಿ ಇದ್ದದ್ದು ಉಪ್ಪುನೀರು ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ದೀಪಕ್ಕೆ ಎಣ್ಣೆ ಹಾಕಿದ ಹಾಗೆ ಉರಿಯುತ್ತಿದ್ದಳು, ಆರುತ್ತಿದ್ದಳು. ಪ್ರತಿ ಸಲ ಆ ಬೆಳಕು ಸ್ವಲ್ಪ ಬೇಗನೇ ಇಳಿಯುತ್ತಿತ್ತು.

ಅವಳ ಮಗಳು ಗಿರಿಜಾ ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಒಂದು ದಿನ ತಾಯಿಯ ತೊಡೆಯ ಮೇಲೆ ಮಲಗಿ ಕೆಳಗಿನಿಂದ ಅವಳ ಬಾಯಿ ನೋಡುತ್ತ, "ಅವ್ವಾ, ನನಗ ಬಿಟ್ಟು ನೇರಳಹಣ್ಣು ತಿಂದೀಯೇನು?" ಅಂದಳು. ನಾನು ಬಗ್ಗಿ ನೋಡಿದೆ. ಅಕ್ಕನ ಒಸಡು ಕಪ್ಪು ನೀಲಿಯಾಗಿತ್ತು. ಬಣ್ಣ ಕೈಗೆ ಹತ್ತುತ್ತದೆ, ಮೈಗೆ ಹತ್ತುತ್ತದೆ, ಬಾಯೊಳಗೆ ಹೇಗೆ ಹತ್ತೀತು? ಅಲ್ಲಿಯವರೆಗೆ ನನಗೆ ಚಿಂತೆ ಇತ್ತು. ಆವತ್ತು ಹೆದರಿಕೆ ಬಂತು.

ರಾಜ್ಯ ಬಂದ ದಿನ ಬೆಳಿಗ್ಗೆ ಓಣಿಯ ತುಂಬ ಪಟಾಕಿಯ ಕಾಗದ. ಚೌಕದಲ್ಲಿ ಧ್ವಜ ಏರಿಸಿದರು, ಮನೆಮನೆಗೆ ಲಾಡು ಬಂತು. ಮಗ್ಗದವರ ಮನೆಗಳ ಮುಂದೆ ಒಬ್ಬ ಫೋಟೋದವನು ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. ಅಕ್ಕ ಒಳಗೆ ಹೋಗಲು ನೋಡಿದಳು.

"ಬಾ ಅಕ್ಕ, ದಿನಾ ದಿನಾ ರಾಜ್ಯ ಬರತೈತೇನು?"

"ಈ ಮಾರಿ ಇಟ್ಟುಕೊಂಡು ನಿಂತರ ಫೋಟೋದಾಗ ಹಲ್ಲು ಅಷ್ಟೇ ಬರತಾವು. ನಾ ನಿನ್ನ ಹಿಂದ ನಿಲ್ತೀನಿ" ಎಂದು ನನ್ನ ಬೆನ್ನ ಹಿಂದೆ ತಲೆ ತಗ್ಗಿಸಿ ನಿಂತಳು. ಬೀಳದಿರಲೆಂದು ನನ್ನ ಹೆಗಲು ಹಿಡಿದಳು. ಫೋಟೋದವನು ಹೋದ ಮೇಲೆ ಬಾಲಮಣಿ ಲಾಡು ಕೊಡಲು ಬಂದಳು. "ಸಿಹಿ ಬ್ಯಾಡ, ಉಪ್ಪಿನಕಾಯಿ ಇದ್ದರ ಕೊಡು" ಅಂದಳು ಅಕ್ಕ. ಆ ಮಾತಿನ ಕೊನೆಗೆ ಅವಳ ಕೈ ನನ್ನ ಹೆಗಲಿಂದ ಜಾರಿತು.

ಹೊಸ್ತಿಲ ಮುಂದೆ ಬಿದ್ದವಳ ತಲೆಯನ್ನು ಅತ್ತೆ ಮಡಿಲಿಗೆ ಎಳೆದುಕೊಂಡರು. ಮೈ ಬೆವರಿ ತಣ್ಣಗಾಗಿತ್ತು. ಅತ್ತೆ ಆಕಾಶಕ್ಕೆ ಮುಖ ಮಾಡಿ ಗಟ್ಟಿಯಾಗಿ ಕೂಗಿದ್ದು ಓಣಿಯೆಲ್ಲ ಕೇಳಿತು: "ಮೈಲಾರಪ್ಪಾ, ಇಕಿ ಎದ್ದು ಕುಂತರ ಶ್ರಾವಣ ಪೂರಾ ಉಪ್ಪು ಮುಟ್ಟಂಗಿಲ್ಲಪ್ಪಾ!"

ನಮ್ಮ ಮನೆಯಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ದೊಡ್ಡ ಕಾಯಿಲೆಯಿಂದ ಎದ್ದವರು ಶ್ರಾವಣದಲ್ಲಿ ಸಪ್ಪೆ ಉಂಡು ಹರಕೆ ತೀರಿಸಬೇಕು. ಮಾವನವರು ಬದುಕಿದ್ದಾಗ ಮಾಡಿದ್ದರು, ನನ್ನ ಗಂಡ ಚಿಕ್ಕವನಿದ್ದಾಗ ವಿಷಮಜ್ವರ ಬಂದು ಮಾಡಿದ್ದ. ದೇವರಿಗೆ ನಾಲಿಗೆಯ ರುಚಿಗಿಂತ ದೊಡ್ಡದು ಏನು ಕೊಡಲಾದೀತು ಎನ್ನುತ್ತಿದ್ದರು ಅತ್ತೆ.

ಅದೇ ದಿನ ಬಾಡಿಗೆ ಜೀಪಿನಲ್ಲಿ ರಾಯಚೂರಿಗೆ ಹೋದೆವು. ಮಕ್ತಲು ದಾಟಿ ಕೃಷ್ಣೆಯ ಸೇತುವೆ ಮೇಲೆ ಹೋಗುವಾಗ ಭಾವ ಒಂದೇ ಮಾತು ಆಡಿದರು: "ನದಿ ಬತ್ತೈತಿ." ಮಳೆ ಇನ್ನೂ ಬಂದಿರಲಿಲ್ಲ. ಬಂಡೆಗಳು ಎಲುಬಿನ ಹಾಗೆ ಎದ್ದು ಕಾಣುತ್ತಿದ್ದವು.

ರಾಯಚೂರಿನ ಡಾಕ್ಟರು ವಯಸ್ಸಾದವರು. ಸಲೈನು ಹಚ್ಚಿಸಿ, ಅಕ್ಕನಿಗೆ ಸ್ವಲ್ಪ ಕಣ್ಣು ತೆರೆಯುವ ಶಕ್ತಿ ಬಂದ ಮೇಲೆ ಅಂಗೈ ತಿರುಗಿಸಿ ಗೆರೆಗಳನ್ನು ನೋಡಿದರು. ಬಾಯಿ ತೆರೆಸಿ ಒಸಡು ನೋಡಿದರು. ಆಮೇಲೆ ಯಾರೂ ಕೇಳದಿದ್ದದ್ದನ್ನು ಕೇಳಿದರು.

"ಉಪ್ಪು ಬಹಳ ತಿಂತೀರೇನವ್ವ?"

ಅಕ್ಕ ಕಳ್ಳಿಯ ಹಾಗೆ ಅತ್ತೆಯನ್ನು ನೋಡಿದಳು. "ತಿಂತೀನ್ರಿ. ಬಣ್ಣದ ಚೀಲದಾಗಿಂದ ತಗೊಂಡು ತಿಂತೀನ್ರಿ."

"ಅಯ್ಯ ಶಿವನೇ" ಎಂದರು ಅತ್ತೆ.

"ಬೈಬ್ಯಾಡ್ರಿ" ಎಂದರು ಡಾಕ್ಟರು. "ಆ ಚೀಲ ಇದ್ದದ್ದಕ್ಕ ಇಲ್ಲೀತನ ಬಂದು ಮುಟ್ಯಾರ ಇವರು."

ರಕ್ತದ ಪರೀಕ್ಷೆ ಬಂದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಎರಡೂ ಕಿಡ್ನಿಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದೆ. ಅಕ್ಕನಿಗೆ ಮದುವೆಗೆ ಮುಂಚೆ ಟಿ.ಬಿ. ಆಗಿ ವಾಸಿಯಾಗಿತ್ತು. ಅದೇ ಆ ಗ್ರಂಥಿಗಳಲ್ಲಿ ಅಡಗಿ ಅವುಗಳನ್ನು ಒಣಗಿಸಿರಬೇಕು ಎಂದರು. ನಮ್ಮ ಕಸುಬು ಕೇಳಿ, ಅದರಲ್ಲೇ ತಿಳಿಸಿದರು.

"ಉಪ್ಪು ಹಾಕದಿದ್ದರ ಬಣ್ಣ ನೂಲಿಗೆ ಹೋಗತೈತೇನ್ರಿ?"

"ಇಲ್ರಿ, ನೀರಾಗೇ ಉಳೀತೈತಿ" ಅಂದೆ ನಾನು.

"ಹಂಗೇ ಇದು. ಆ ಗ್ರಂಥಿ ಒಂದು ರಸ ಬಿಡತೈತಿ, ಹಾರ್ಮೋನು ಅಂತೀವಿ. ಅದು ರಕ್ತದಾಗ ಹರಕೊಂಡು ಕಿಡ್ನಿಗೆ ಹೋಗತೈತಿ, ದೊಡ್ಡ ಕರುಳಿಗೆ ಹೋಗತೈತಿ. ಹೋಗಿ ಹೇಳತೈತಿ, ಉಪ್ಪು ಹೊರಗ ಬಿಡಬ್ಯಾಡ, ಒಳಗ ಎಳಕೋ ಅಂತ. ಕರುಳಿನ ಗೋಡ್ಯಾಗ ಉಪ್ಪಿಗೆ ಸಣ್ಣ ಸಣ್ಣ ಬಾಗಿಲು ಅದಾವು. ಈ ರಸ ಬಂದರ ಆ ಬಾಗಿಲು ಹೆಚ್ಚು ತೆರೀತಾವು. ಇವರಲ್ಲಿ ಆ ರಸ ಇಲ್ಲ. ತಿಂದ ಉಪ್ಪು ಮೂತ್ರದಾಗ ಹೋಗತೈತಿ, ಕರುಳಿನಾಗಿಂದನೂ ಹೋಗತೈತಿ, ಹೋಗುವಾಗ ನೀರನ್ನೂ ಕರಕೊಂಡು ಹೋಗತೈತಿ. ಗ್ರಂಥಿ ಯಾಕ ಸುಮ್ಮನೈತಿ ಅಂತ ಮಿದುಳು ಇನ್ನೊಂದು ರಸ ಸುರೀತೈತಿ. ಅದು ಚರ್ಮ ಕಪ್ಪು ಮಾಡತೈತಿ. ಬಣ್ಣ ಅಲ್ಲರಿ ಅದು."

ಇಲ್ಲದ ಆ ರಸದ ಕೆಲಸ ಮಾಡಲು ಮಾತ್ರೆ ಕೊಟ್ಟರು. ಜೀವ ಇರುವವರೆಗೆ ಎಂದರು. ಮಾತ್ರೆಯೂ ಬೇಕು, ಉಪ್ಪೂ ಬೇಕು ಎಂದರು. ಹೊರಡುವಾಗ ಬಾಗಿಲ ತನಕ ಬಂದು ಮತ್ತೆ ಹೇಳಿದರು: "ವಾಂತಿ-ಭೇದಿ ಆದರ ಮನ್ಯಾಗ ಕುಂದರಬ್ಯಾಡ್ರಿ. ಮಾತ್ರಿ ಹೊಟ್ಟ್ಯಾಗ ನಿಲ್ಲಂಗಿಲ್ಲ, ಉಪ್ಪು ಕರುಳಿನಾಗ ನಿಲ್ಲಂಗಿಲ್ಲ. ಆಗ ಇಂಜೆಕ್ಷನ್ನೇ ಬೇಕು. ಓಡಿ ಬರ್ರಿ."

ಜೂನ್ ಕಳೆಯುವಷ್ಟರಲ್ಲಿ ಅಕ್ಕ ಎದ್ದಳು. ಮಳೆ ಬಂತು, ಅವಳ ಹಸಿವೂ ಬಂತು. ಅತ್ತೆ ತಾವೇ ಭರಣಿಯನ್ನು ಕೆಳಗಿಳಿಸಿ ಅವಳ ತಟ್ಟೆಯ ಪಕ್ಕ ಇಟ್ಟರು. ಕಪ್ಪು ಇನ್ನೂ ಇತ್ತು, ನಿಧಾನವಾಗಿ ಇಳಿಯುತ್ತದೆ ಎಂದಿದ್ದರು ಡಾಕ್ಟರು. ಸಂಜೆ ಕಲ್ಲಿನ ಮೇಲೆ ಕುಳಿತು ಅವಳು ನನ್ನ ಅಂಗೈ ಪಕ್ಕ ಅಂಗೈ ಹಿಡಿದು, "ಚಹಾ ನಾನೇ ಮಾಡತೀನಿ, ದೀಪಾವಳಿತನ ನಾ ಸೋತಂಗೇ" ಎನ್ನುತ್ತಿದ್ದಳು. ಆದರೆ ಆಷಾಢ ಸರಿಯುತ್ತಿತ್ತು, ಮುಂದೆ ಶ್ರಾವಣ ಕುಳಿತಿತ್ತು.

ಅಮಾವಾಸ್ಯೆಯ ದಿನ ಅತ್ತೆ ಹರಕೆಯ ಮಾತು ತೆಗೆದರು. ಡಾಕ್ಟರು ಉಪ್ಪು ತಿನ್ನಲು ಹೇಳಿದ್ದಾರೆ ಎಂದು ನಾನು ಅಂದೆ.

"ಮಾತ್ರಿ ಐತಲ್ಲ" ಎಂದರು ಅತ್ತೆ. "ಅವರೇ ಅಂದರು, ಉಪ್ಪು ಒಳಗ ಹಿಡಿಯೋ ಕೆಲಸ ಮಾತ್ರಿ ಮಾಡತೈತಿ ಅಂತ. ಮೈಯಾಗ ಇದ್ದ ಉಪ್ಪು ಮಾತ್ರಿ ಹಿಡಕೊಂಡು ಕುಂದರತೈತಿ. ಒಂದು ತಿಂಗಳು ಹೊಸಾದು ಹಾಕದಿದ್ದರ ಏನಾತು?"

ಕೇಳಲು ಸರಿಯಾಗಿಯೇ ಇತ್ತು. ಭಾವ ಅಕ್ಕನ ಮುಖ ನೋಡಿದರು. ಅಕ್ಕ ಗಿರಿಜಾಳ ತಲೆ ಬಾಚುತ್ತಿದ್ದಳು.

"ಅತ್ತಿ ನುಡಿದಿದ್ದು ಓಣಿ ಎಲ್ಲಾ ಕೇಳೈತಿ" ಅಂದಳು. "ನಾ ಎದ್ದು ಕುಂತೀನಿ. ಈಗ ಮಾತು ತಪ್ಪಿದರ, ನಾಳೆ ಈ ಹುಡುಗಿಗೆ ಒಂದು ನೆಗಡಿ ಬಂದರೂ ನನ್ನಿಂದ ಅಂತ ಅನ್ನಿಸತೈತಿ. ಬಿಡು ಸರೂ. ಚೀಲದಾಗಿನ ಉಪ್ಪು ಕೊಪ್ಪರಿಗಿಗೂ ಉಳೀಲಿ."

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ನಾನು ಕೆ.ಟಿ. ದೊಡ್ಡಿಗೆ ಹೊರಟೆ, ಅಕ್ಕ ಗಿರಿಜಾಳನ್ನು ಕರೆದುಕೊಂಡು ಗದ್ವಾಲಕ್ಕೆ. ಮಕ್ತಲಿನ ಬಸ್‌ಸ್ಟ್ಯಾಂಡಿನಲ್ಲಿ ನಾವು ಬೇರೆಬೇರೆ ಬಸ್ಸು ಹತ್ತಿದೆವು. ಅವಳ ಚೀಲದಲ್ಲಿ ಮಾತ್ರೆ ಇದೆಯೇ ಎಂದು ನಾನು ತೆಗೆದು ನೋಡಿದೆ. ಇತ್ತು. ಬಸ್ಸಿನ ಕಿಟಕಿಯಿಂದ ಅವಳು ತನ್ನ ಅಂಗೈ ತೋರಿಸಿದಳು. ಗೆರೆಗಳು ಸ್ವಲ್ಪ ತಿಳಿಯಾಗಿದ್ದವು, ಅಥವಾ ನನಗೆ ಹಾಗೆ ಕಂಡಿತು.

ಮುಂದಿನದನ್ನು ನಾನು ನೋಡಲಿಲ್ಲ. ಅವಳ ತಾಯಿ ಹೇಳಿದ್ದು. ಪಂಚಮಿ ಕಳೆದ ಮೇಲೆ ಗದ್ವಾಲದಲ್ಲಿ ಮಳೆ ಹಿಡಿಯಿತು, ನಲ್ಲಿಗೆ ಕೆಂಪು ನೀರು ಬಂತು, ಮನೆಯಲ್ಲಿ ಎಲ್ಲರಿಗೂ ಭೇದಿ ಆಯಿತು. ಉಳಿದವರು ಮರುದಿನ ಎದ್ದರು. ಅಕ್ಕನಿಗೆ ವಾಂತಿಯೂ ಸೇರಿತು, ಮಾತ್ರೆ ನುಂಗಿದ್ದು ಹೊರಗೆ ಬಂತು. ಎಲ್ಲರಿಗೂ ಆದದ್ದೇ ಇವಳಿಗೂ ಎಂದುಕೊಂಡರು. ಡಾಕ್ಟರ ಕೊನೆಯ ಮಾತು ನಾರಾಯಣಪೇಟೆಯಲ್ಲಿ ಉಳಿದಿತ್ತು, ಗದ್ವಾಲಕ್ಕೆ ಹೋಗಿರಲಿಲ್ಲ. ಅಕ್ಕನಿಗೆ ಅದು ನೆನಪಿತ್ತೋ ಇಲ್ಲವೋ, ಸೋತು ಹೋದವಳಿಗೆ ಹೇಳುವ ಶಕ್ತಿ ಇತ್ತೋ ಇಲ್ಲವೋ.

ಅವಳ ತಾಯಿ ಉಪ್ಪು ಸಕ್ಕರೆ ಕಲಸಿದ ನೀರು ತಂದು ತುಟಿಗೆ ಹಿಡಿದರಂತೆ. ಅಕ್ಕ ನಾಲಿಗೆಗೆ ತಾಗಿದ ಕೂಡಲೇ ಮುಖ ತಿರುಗಿಸಿದಳು.

"ಇದರಾಗ ಉಪ್ಪೈತಿ ಬೇ."

"ಔಷಧಕ್ಕ ದೋಷಿಲ್ಲ, ಕುಡಿ ತಾಯಿ."

"ಬ್ಯಾಡ. ಬರೇ ಸಕ್ಕರಿ ನೀರು ಕೊಡು."

ತಿಂಗಳುಗಟ್ಟಲೆ ಕದ್ದು ತಿಂದದ್ದನ್ನು ಅವಳು ಕೈಗೆ ಕೊಟ್ಟಾಗ ತಳ್ಳಿದಳು. ಮೈ ಎಷ್ಟು ಬೇಡಿರಬೇಕು ಆಗ. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು. ಜೀಪು ಸಿಕ್ಕು ರಾಯಚೂರಿಗೆ ಹೊರಟರಂತೆ, ಸುದ್ದಿ ತಿಳಿದ ಭಾವ ಈ ಕಡೆಯಿಂದ ಹೋಗಿ ಸೇರುವಷ್ಟರಲ್ಲಿ ದಾರಿಯಲ್ಲೇ ಮುಗಿದಿತ್ತು. ಆ ದಿನ ಕೃಷ್ಣೆ ತುಂಬಿ ಹರಿಯುತ್ತಿತ್ತು.

ಅತ್ತೆ ಅಳಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ಊಟಕ್ಕೆ ಕುಳಿತಾಗ ನಾನು ಬಡಿಸಿದ ಸಾರನ್ನು ಪಕ್ಕಕ್ಕೆ ಸರಿಸಿ, "ನನಗ ಸಪ್ಪಂದು ಹಾಕು" ಎಂದರು. ಅವಳ ಶ್ರಾವಣದಲ್ಲಿ ಉಳಿದ ದಿನಗಳನ್ನು ತಾವು ತೀರಿಸುತ್ತಿದ್ದಾರೆ ಎಂದುಕೊಂಡೆ. ಶ್ರಾವಣ ಮುಗಿಯಿತು, ದಸರೆ ಬಂತು, ಮುಂದಿನ ಶ್ರಾವಣವೂ ಬಂತು. ಅತ್ತೆ ಮತ್ತೆ ಉಪ್ಪು ಹಾಕಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಆಮೇಲೆ ಯಾರೂ ಯಾರ ಹೆಸರಲ್ಲೂ ಹರಕೆ ಹೊತ್ತಿಲ್ಲ.

ಹೋದ ತಿಂಗಳು ಅತ್ತೆ ತೀರಿಕೊಂಡರು. ಅವರ ಟ್ರಂಕು ತೆಗೆದಾಗ ರೇಷ್ಮೆ ಸೀರೆಯ ಮಡಿಕೆಯಲ್ಲಿ ಎರಡು ಫೋಟೋ ಸಿಕ್ಕವು. ಒಂದು ಅಕ್ಕನ ಮದುವೆಯದು. ಗೋಧಿಬಣ್ಣದ ದುಂಡು ಮುಖ, ಹಣೆಯಲ್ಲಿ ಬಾಸಿಂಗ. ಗಿರಿಜಾ ಈಗ ನನ್ನಷ್ಟು ಎತ್ತರ ಇದ್ದಾಳೆ. ಅದನ್ನು ಬಹಳ ಹೊತ್ತು ನೋಡಿದಳು.

"ಇಕಿ ಯಾರು ಚಿಗವ್ವ?"

"ನಿಮ್ಮವ್ವ."

"ಅಲ್ಲ" ಅಂದಳು. "ನಮ್ಮವ್ವ ಕಪ್ಪಿದ್ದಳು. ಒಸಡೂ ಕಪ್ಪಿತ್ತು. ನನಗ ಗೊತ್ತೈತಿ."

ಅವಳಿಗೆ ನೆನಪಿರುವ ತಾಯಿ ಆ ಒಂದು ವರ್ಷದವಳು. ನಾನು ಎರಡನೆಯ ಫೋಟೋ ಕೊಟ್ಟೆ, ರಾಜ್ಯ ಬಂದ ದಿನದ್ದು. ಅತ್ತೆ ಇದ್ದಾರೆ, ಭಾವ ಇದ್ದಾರೆ, ನನ್ನ ಗಂಡ ಇದ್ದಾನೆ, ಕೈಯಲ್ಲಿ ಲಾಡು ಹಿಡಿದ ಗಿರಿಜಾ ಇದ್ದಾಳೆ. ನನ್ನ ಹೆಗಲ ಮೇಲೆ ಅಕ್ಕನ ಕೈ ಇದೆ, ಗೆಣ್ಣುಗಳು ಕಪ್ಪಾಗಿವೆ. ಮುಖ ಇಲ್ಲ.